ಗಾಯ ಆದ್ರೆ ಈಗ್ಲೇ ಆಸ್ಪತ್ರೆಗೆ ಓಡ್ಬೇಕಾ, ಬೆಳಿಗ್ಗೆ ಹೋದ್ರೆ ಸಾಕಾ, ಮನೇಲೇ ಆಗ್ತದಾ – ಒಂದೊಂದೇ ನೋಡ್ಕೊಳ್ಳುವ ಕ್ರಮ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದೇ ನನ್ನ ಕೆಲಸ. ನಮ್ಮಲ್ಲಿ ಜನ ಎರಡು ಥರ ಬರ್ತಾರೆ. ಒಂದು, ಮಂಡಿ ತರಚಿದ್ದಕ್ಕೆ ರಾತ್ರಿ ಹನ್ನೊಂದು ಗಂಟೆಗೆ ಜೀಪು ಮಾಡ್ಕೊಂಡು ಬರುವವರು. ಇನ್ನೊಂದು, ಕಾಲಿಗೆ ಮೊಳೆ ಹೊಕ್ಕು ಐದಾರು ದಿನ ಆದ್ಮೇಲೆ, ಕಾಲು ಊದಿ ಚಪ್ಪಲಿ ಹಾಕ್ಲಿಕ್ಕೆ ಆಗದೆ ಇದ್ದಾಗ ಬರುವವರು. ಮೊದಲನೆಯವರಿಗೆ ನಷ್ಟ ಆಗುವುದು ಜೀಪಿನ ಬಾಡಿಗೆ ಮಾತ್ರ. ಎರಡನೆಯವರ ವಿಷಯದಲ್ಲಿ ನಂಗೆ ನಿಜವಾಗ್ಲೂ ಹೊಟ್ಟೆ ಉರೀತದೆ, ಯಾಕಂದ್ರೆ ಅವರು ಬೇಕಂತ ತಡ ಮಾಡಿದ್ದಲ್ಲ, ನೋಡುವ ಕ್ರಮ ಯಾರೂ ಹೇಳಿಕೊಡ್ಲಿಲ್ಲ ಅಷ್ಟೆ. ಅದಕ್ಕೇ ಇದನ್ನು ಬರೀತಾ ಇದ್ದೇನೆ.

ಒಂದು ವಿಷಯ ತಲೇಲಿ ಇಟ್ಕೊಳ್ಳಿ, ರಕ್ತ ಎಷ್ಟು ಹೋಯ್ತು, ಗಾಯ ಎಷ್ಟು ಉದ್ದ ಉಂಟು, ಎಷ್ಟು ನೋಯ್ತದೆ, ಈ ಮೂರನ್ನು ನೋಡಿ ಮಾತ್ರ ತೀರ್ಮಾನ ಮಾಡ್ಬೇಡಿ. ತಲೆಗೆ ಸಣ್ಣ ಪೆಟ್ಟಾದ್ರೂ ಶರ್ಟ್ ಪೂರ್ತಿ ಕೆಂಪಾಗ್ತದೆ, ಆಳಕ್ಕೆ ಸುಟ್ಟ ಚರ್ಮ ನೋಯುವುದೇ ಇಲ್ಲ. ಕೇಳ್ಬೇಕಾದ್ದು ಬೇರೆ: ಯಾವುದರಿಂದ ಆಯ್ತು, ಎಲ್ಲಿ ಆಯ್ತು, ಯಾರಿಗೆ ಆಯ್ತು, ಗಾಯದ ಆಚೆ ಕಡೆ ಎಲ್ಲ ಸರಿ ಉಂಟಾ.

ಮೊದಲು ರಕ್ತ ನಿಲ್ಲಿಸಿ, ಮತ್ತೆ ಯೋಚನೆ

ಒಗೆದ ಬೈರಾಸೋ ಕರ್ಚೀಫೋ ಯಾವುದಾದ್ರೂ ಸರಿ, ಗಾಯದ ಮೇಲೆಯೇ ಇಟ್ಟು ಅಂಗೈಯಿಂದ ಗಟ್ಟಿ ಒತ್ತಿ, ಕೈಯೋ ಕಾಲೋ ಆದ್ರೆ ಸ್ವಲ್ಪ ಎತ್ತಿ ಹಿಡೀರಿ. ಗಡಿಯಾರ ನೋಡಿ ಹತ್ತು ನಿಮಿಷ. ಮಧ್ಯ ಮಧ್ಯ "ನಿಂತಿತಾ" ಅಂತ ಎತ್ತಿ ನೋಡ್ಬೇಡಿ, ಎತ್ತಿದ ಕೂಡ್ಲೇ ಹೆಪ್ಪುಗಟ್ಟಿದ್ದು ಕಿತ್ತು ಬರ್ತದೆ, ಮತ್ತೆ ಮೊದಲಿಂದ ಶುರು. ಹೆಚ್ಚಿನವರು ಎಡವುವುದು ಇಲ್ಲೇ, ಒತ್ತುವುದು ಅರ್ಧ ನಿಮಿಷ, ನೋಡುವುದು ಹತ್ತು ಸಲ. ಬಟ್ಟೆ ನೆನೆದ್ರೆ ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಗಟ್ಟಿ ಒತ್ತಿ.

ಸರಿಯಾಗಿ ಒತ್ತಿ ಹಿಡಿದೂ ನಿಲ್ಲದಿದ್ರೆ ಆಸ್ಪತ್ರೆಗೆ ಹೊರಡಿ, ಒತ್ತಿದ ಕೈ ತೆಗೀದೇ ಹೊರಡಿ. ರಕ್ತ ಚಿಮ್ಮಿ ಚಿಮ್ಮಿ ಬರ್ತಾ ಇದ್ರೆ ಹತ್ತು ನಿಮಿಷವೂ ಕಾಯುವುದು ಬೇಡ, ಒಬ್ಬರು ಒತ್ತಿ ಹಿಡೀರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಕೈಕಾಲಿನ ಗಾಯ ಒತ್ತಿದ್ರೂ ಕೇಳದೆ ರಕ್ತ ಧಾರೆ ಹೋಗ್ತಾ ಉಂಟು ಅಂದಾಗ ಮಾತ್ರ, ಗಾಯಕ್ಕಿಂತ ಮೇಲೆ, ಮಂಡಿ, ಮೊಣಕೈಯಂಥ ಗಂಟಿನ ಮೇಲೆ ಬಾರದ ಹಾಗೆ, ಅಗಲ ಬಟ್ಟೆ ಕಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಪಿ, ಕಟ್ಟಿದ ಟೈಮ್ ಬರೆದಿಡಿ. ಹಗ್ಗ, ವಯರ್ ಬೇಡ, ಅವು ಚರ್ಮಕ್ಕೇ ಕೊಯ್ತವೆ. ಆಮೇಲೆ ಆಸ್ಪತ್ರೆಯವರೇ ಬಿಚ್ಚಬೇಕು, ನೀವು ದಾರೀಲಿ ಬಿಚ್ಚಿ ನೋಡುವುದಲ್ಲ.

ಕಾಫಿ ಪುಡಿ, ಅರಿಶಿನ, ಕಮ್ಯುನಿಸ್ಟ್ ಸೊಪ್ಪಿನ (ಎಲ್ಲ ಕಡೆ ಹಬ್ಬುವ ಒಂದು ಕಳೆಗಿಡ) ರಸ, ಇವು ನಮ್ಮ ತೋಟದಲ್ಲಿ ಎಲ್ರ ಬಾಯಲ್ಲಿ ಇರುವ ಮದ್ದು. ಹಿರಿಯರ ಮೇಲೆ ಗೌರವ ಇಟ್ಕೊಂಡೇ ಹೇಳ್ತೇನೆ, ಆಳದ ಗಾಯಕ್ಕೆ ಇದನ್ನು ತುಂಬಿಸ್ಬೇಡಿ. ಸೊಪ್ಪನ್ನು ಮಣ್ಣು ಮೆತ್ತಿದ ಕೈಯಲ್ಲಿ ಹಿಸುಕಿ ಹಿಂಡಿದ್ದು, ಅದರ ಚೂರೆಲ್ಲ ಗಾಯದ ಒಳಗೆ ಕೂತಿರ್ತದೆ, ನಾವು ಆಮೇಲೆ ಒಂದೊಂದೇ ಇಕ್ಕಳದಲ್ಲಿ ಹೆಕ್ಕಿ ತೆಗೀಬೇಕು, ಅಷ್ಟು ಹೊತ್ತು ನೋವು ತಿನ್ನುವವರು ನೀವೇ. ಕಾಫಿ ಪುಡಿ ಹಾಕಿದ್ರೆ ಗಾಯದ ಆಳ ಎಷ್ಟು ಅಂತ ಡಾಕ್ಟರ್‌ಗೂ ಗೊತ್ತಾಗುವುದಿಲ್ಲ.

ರಕ್ತ ನಿಂತ ಮೇಲೆ ಹರಿಯುವ ನೀರಲ್ಲಿ ಐದರಿಂದ ಹತ್ತು ನಿಮಿಷ ತೊಳೀರಿ, ಕುಡಿಯುವ ನೀರಾದ್ರೆ ಸಾಕು, ಸುತ್ತಲಿನ ಚರ್ಮಕ್ಕೆ ಸೋಪು. ಗಾಯದೊಳಗೆ ಸ್ಪಿರಿಟ್ ಸುರಿಯುವುದು ಬೇಡ, ಹಸಿ ಮಾಂಸ ಸುಡ್ತದೆ ಅಷ್ಟೆ. ಆದ್ರೆ ಏನಾದ್ರೂ ಒಳಗೆ ಚುಚ್ಚಿ ನಿಂತಿದ್ರೆ, ಕಬ್ಬಿಣದ ಸರಳೋ ಕೋಲೋ ಗಾಜೋ, ಅದನ್ನು ಕೀಳ್ಬೇಡಿ. ಅದೇ ಒಳಗಿನ ರಕ್ತನಾಳಕ್ಕೆ ಬಿರಡೆ ಹಾಕಿದ ಹಾಗೆ ನಿಂತಿರಬಹುದು. ಅಲ್ಲಾಡದ ಹಾಗೆ ಸುತ್ತಲೂ ಬಟ್ಟೆ ಕಟ್ಟಿ ಹಾಗೇ ಕರ್ಕೊಂಡು ಬನ್ನಿ.

ಕೊಯ್ದ ಗಾಯ: ಬೆರಳು ಆಡ್ತದಾ ಅಂತ ಕೇಳಿದ್ರೆ ಸಾಲದು

ಅಡಿಕೆ ಸುಲಿಯುವ ಮೆಟ್ಟುಕತ್ತಿ, ರಬ್ಬರ್ ಟ್ಯಾಪಿಂಗ್ ಕತ್ತಿ, ಮೀನು ಕೊಯ್ಯುವ ಕತ್ತಿ, ಇದರ ಗಾಯ ನಮ್ಮಲ್ಲಿ ದಿನಾ ಬರ್ತದೆ, ಹೆಚ್ಚಾಗಿ ಎಡಗೈ ಬೆರಳಿಗೆ. ತುಟಿ ಬಿಟ್ಟ ಹಾಗೆ ಗಾಯ ಬಾಯಿ ತೆರೆದು ನಿಂತಿದ್ರೆ, ಒಳಗೆ ಹಳದಿ ಕೊಬ್ಬು ಅಥವಾ ಬಿಳಿ ಹೊಳೆಯುವ ನಾರು ಕಂಡ್ರೆ, ಗಂಟಿನ ಮೇಲೆ ಇದ್ದು ಬೆರಳು ಮಡಚಿದಾಗ ಬಿಚ್ಚಿಕೊಂಡ್ರೆ, ಅದಕ್ಕೆ ಹೊಲಿಗೆ ಬೇಕು. ಹೊಲಿಗೆಗೆ ಆರೆಂಟು ಗಂಟೆಯ ಒಳಗೆ ಬಂದ್ರೆ ಒಳ್ಳೇದು, ಮುಖದ್ದಾದ್ರೆ ಒಂದು ದಿನದವರೆಗೂ ಹಾಕ್ತಾರೆ. ಅಂದ್ರೆ ಸಂಜೆ ಆದ ಗಾಯಕ್ಕೆ "ಬೆಳಿಗ್ಗೆ ಕಷಾಯ ಕುಡ್ದು ಹೋಗುವ" ಅಂದ್ರೆ ಟೈಮ್ ಮುಗಿದಿರ್ತದೆ. ತಡ ಆಯ್ತು ಅಂತ ಬಾರದೆ ಕೂರ್ಬೇಡಿ, ತೊಳೆದು ತೆರೆದೇ ಇಟ್ಟು ಆಮೇಲೆ ಹೊಲಿಯುವ ಕ್ರಮವೂ ಉಂಟು.

ಈಗ ಮುಖ್ಯ ವಿಷಯ. ಒಬ್ಬ ಹುಡುಗ ಬಂದಿದ್ದ, ಮೆಟ್ಟುಕತ್ತಿ ತಾಗಿ ತೋರುಬೆರಳಿನ ಒಳಭಾಗಕ್ಕೆ ಒಂದು ಗೆರೆ, ಉದ್ದ ಒಂದು ಅಕ್ಕಿಕಾಳಿನಷ್ಟು, ರಕ್ತ ಆಗ್ಲೇ ನಿಂತಿತ್ತು. "ಬೆರಳು ಆಡ್ತದೆ ಅಕ್ಕ, ಒಂದು ಪ್ಲಾಸ್ಟರ್ ಹಾಕಿ ಕೊಡಿ" ಅಂದ. ಬೆರಳು ಮಡಚ್ತಾ ಇತ್ತು ಹೌದು, ಮಧ್ಯದ ಗಂಟಲ್ಲಿ. ಆ ಮಧ್ಯದ ಭಾಗವನ್ನು ನಾನು ಹಿಡ್ಕೊಂಡು "ತುದಿ ಮಾತ್ರ ಮಡಚು ನೋಡುವ" ಅಂದಾಗ ತುದಿ ಅಲ್ಲಾಡ್ಲೇ ಇಲ್ಲ. ಬೆರಳು ಮಡಚ್ಲಿಕ್ಕೆ ಎರಡು ನರ ಉಂಟು, ಒಂದು ಮಧ್ಯದ ಗಂಟಿಗೆ, ಇನ್ನೊಂದು ತುದಿಗೆ. (ನಾವು ಮಾತಲ್ಲಿ ನರ ಅಂತೇವೆ, ಡಾಕ್ಟರ್ ಟೆಂಡನ್ ಅಂತಾರೆ.) ತುದಿಯದ್ದು ಪೂರ್ತಿ ತುಂಡಾಗಿತ್ತು. ಅದನ್ನು ಬೇಗ ಜೋಡಿಸಿದ್ರೆ ಬೆರಳು ಸರಿ ಆಗ್ತದೆ, ವಾರಗಟ್ಲೆ ಬಿಟ್ರೆ ತುಂಡಾದ ತುದಿ ಅಂಗೈ ಕಡೆ ಎಳ್ಕೊಂಡು ಹೋಗ್ತದೆ, ಆಪರೇಷನ್ ದೊಡ್ಡದಾಗ್ತದೆ.

ಹಾಗಾಗಿ ಪ್ರತಿಯೊಂದು ಗಂಟನ್ನೂ ಬೇರೆ ಬೇರೆ ಹಿಡಿದು ಮಡಚಿಸಿ. ಗಾಯ ಕೈಯ ಹಿಂಬದಿಯಲ್ಲಿದ್ರೆ ಕೈಯನ್ನು ಮೇಜಿನ ಮೇಲೆ ಅಂಗಾತ ಅಲ್ಲ, ಕವುಚಿ ಇಟ್ಟು ಒಂದೊಂದೇ ಬೆರಳು ಎತ್ತಿಸಿ. ಕಣ್ಣು ಮುಚ್ಚಲಿಕ್ಕೆ ಹೇಳಿ ಬೆರಳ ತುದಿಯ ಎಡಬದಿ, ಬಲಬದಿ ಎರಡಕ್ಕೂ ಹತ್ತಿಯ ತುದಿ ಮೆಲ್ಲ ಮುಟ್ಟಿಸಿ, ಪಕ್ಕದ ಬೆರಳಿಗೂ ಮುಟ್ಟಿಸಿ, ಎರಡೂ ಒಂದೇ ಥರ ಗೊತ್ತಾಗ್ತದಾ ಕೇಳಿ. ಒಂದು ಬದಿ ಜೋಮು ಹಿಡಿದ ಹಾಗಿದ್ರೆ ಸ್ಪರ್ಶದ ನರ ಹೋಗಿರಬಹುದು. ಉಗುರನ್ನು ಒತ್ತಿ ಬಿಟ್ರೆ ಬಿಳಿಚಿದ್ದು ಎರಡು ಸೆಕೆಂಡಲ್ಲಿ ಮತ್ತೆ ಕೆಂಪಾಗ್ಬೇಕು, ಆಗದಿದ್ರೆ, ಬೆರಳು ತಣ್ಣಗೆ ಬಿಳಿ ಇದ್ರೆ, ತುಂಬಾ ಅರ್ಜೆಂಟು. ಈ ಮೂರರಲ್ಲಿ ಒಂದು ತಪ್ಪಿದ್ರೂ ಗಾಯ ಎಷ್ಟೇ ಸಣ್ಣದಿರಲಿ ಅವತ್ತೇ ಹೋಗಿ. ಬೆರಳು ಆಡ್ತದೆ, ಆದ್ರೆ ಬಲ ಹಾಕಿದಾಗ ವಿಪರೀತ ನೋಯ್ತದೆ ಅಂದ್ರೂ ಹೋಗಿ, ಟೆಂಡನ್ ಅರ್ಧ ತುಂಡಾಗಿರಬಹುದು.

ಬೆರಳೇ ತುಂಡಾಗಿ ಬಿದ್ರೆ ಅದನ್ನು ನೀರಲ್ಲಿ ಸ್ವಲ್ಪ ತೊಳೆದು, ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕಟ್ಟಿ, ಆ ತೊಟ್ಟೆಯನ್ನು ಐಸ್ ಹಾಕಿದ ನೀರಲ್ಲಿ ಇಟ್ಟು ತನ್ನಿ. ಐಸಿಗೆ ನೇರ ತಾಗಿಸಿದ್ರೆ ಮಾಂಸ ಸಾಯ್ತದೆ.

ಸಣ್ಣ ತೂತು, ದೊಡ್ಡ ತೊಂದರೆ

ಮೊಳೆ ಚುಚ್ಚಿದ್ದು, ಮುಳ್ಳು ಚುಚ್ಚಿದ್ದು, ಬೆಕ್ಕು ಕಚ್ಚಿದ್ದು, ಇವುಗಳ ಬಾಯಿ ಸಣ್ಣದು, ಆಳ ಜಾಸ್ತಿ, ತೊಳೆದ ನೀರು ಒಳಗೆ ಹೋಗುವುದೇ ಇಲ್ಲ. ರಬ್ಬರ್ ಚಪ್ಪಲಿ ದಾಟಿ ಬಂದ ಮೊಳೆಯ ಜೊತೆ ಚಪ್ಪಲಿಯ ಚೂರೂ ಒಳಗೆ ಹೋಗಿರ್ತದೆ, ಆ ಚಪ್ಪಲಿ ಆಸ್ಪತ್ರೆಗೆ ತನ್ನಿ, ಎಷ್ಟು ಚೂರು ಕಾಣೆ ಆಗಿದೆ ಅಂತ ನೋಡ್ಲಿಕ್ಕೆ ಸಹಾಯ ಆಗ್ತದೆ.

ಇನ್ನೊಂದು ಯಾರೂ ಲೆಕ್ಕಕ್ಕೆ ಇಡದ್ದು ಉಂಟು. ಮದ್ದು ಬಿಡುವ ಪವರ್ ಸ್ಪ್ರೇಯರಿನ ಗನ್ನೋ ಪೈಪಿನ ತೂತೋ ಕೈಗೆ ಹತ್ತಿರ ಇದ್ದು ಪ್ರೆಷರಲ್ಲಿ ಚರ್ಮದೊಳಗೆ ದ್ರಾವಣ ನುಗ್ಗಿದ್ರೆ, ಗ್ಯಾರೇಜಲ್ಲಿ ಗ್ರೀಸ್ ಗನ್ನಿಂದ ಹಾಗೆ ಆದ್ರೆ, ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು, ಮೊದಲ ಒಂದೆರಡು ಗಂಟೆ ನೋವೂ ಕಮ್ಮಿ. ಒಳಗೆ ಬೆರಳಿಡೀ ಹರಡಿರ್ತದೆ. ಇದು ಗಂಟೆ ಲೆಕ್ಕದ ಎಮರ್ಜೆನ್ಸಿ, ಆಪರೇಷನ್ ಬೇಕಾಗ್ತದೆ, ಪ್ಲಾಸ್ಟರ್ ಹಾಕಿ ಕೆಲಸಕ್ಕೆ ವಾಪಸ್ ಹೋಗುವುದಲ್ಲ. "ಪ್ರೆಷರಲ್ಲಿ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ನೋಡುವವರಿಗೂ ಸಣ್ಣ ಗಾಯ ಅಂತಲೇ ಕಾಣ್ತದೆ.

ಹುಲ್ಲು ಕೊಚ್ಚುವ ಮೆಷಿನಿನಿಂದ ಕಲ್ಲೋ ತಂತಿ ಚೂರೋ ಹಾರಿ ಬಂದು ತಾಗಿದ್ರೂ ಹಾಗೇ. ಕಣ್ಣಿನ ಹತ್ತಿರ ಆದ್ರೆ ಕಣ್ಣು ತಿಕ್ಕದೆ, ಒತ್ತದೆ, ಒಂದು ಕಾಗದದ ಕಪ್ ಮುಚ್ಚಿ ಕಟ್ಟಿ ಹೊರಡಿ.

ಟಿಟಿ (ಧನುರ್ವಾಯು ಅಂದ್ರೆ ಟೆಟನಸ್ ತಡೆಯುವ) ಇಂಜೆಕ್ಷನ್ ವಿಷಯ: ಆರು ತಿಂಗಳಿಗೊಮ್ಮೆ ಬೇಕು ಅನ್ನುವುದು ಸರಿಯಲ್ಲ. ಸಣ್ಣದಲ್ಲಿ ಎಲ್ಲಾ ಡೋಸ್ ಆಗಿದ್ರೆ, ಶುದ್ಧ ಸಣ್ಣ ಗಾಯಕ್ಕೆ ಕೊನೇ ಡೋಸ್ ಆಗಿ 10 ವರ್ಷ ದಾಟಿದ್ರೆ ಬೇಕು, ಮಣ್ಣು, ಸೆಗಣಿ ತಾಗಿದ ಗಾಯಕ್ಕೆ ಅಥವಾ ಆಳದ ಗಾಯಕ್ಕೆ 5 ವರ್ಷ ದಾಟಿದ್ರೆ ಬೇಕು. ಈಗ ಕೊಡುವುದು ಟಿಡಿ, ಟೆಟನಸ್ ಜೊತೆ ಡಿಫ್ತೀರಿಯಾದ್ದೂ ಇರ್ತದೆ. ಒಂದೂ ತಗೊಂಡ ನೆನಪಿಲ್ಲದವರು, ನಮ್ಮ ಹಳೇ ಕಾಲದ ಅಜ್ಜ ಅಜ್ಜಿಯರು, ಅದನ್ನೇ ಹೇಳಿ, ಅವರಿಗೆ ಬೇರೆ ಇಂಜೆಕ್ಷನ್ ಕೂಡ ಬೇಕಾಗಬಹುದು. 24 ಗಂಟೆ ದಾಟಿತು, ಇನ್ನು ಪ್ರಯೋಜನ ಇಲ್ಲ ಅಂತ ಬಿಡ್ಬೇಡಿ, ತಡ ಆದ್ರೂ ತಗೊಳ್ಳಿ.

ನಾಯಿ, ಬೆಕ್ಕು, ಹಾವು: ಇಲ್ಲಿ ಯೋಚನೆ ಮಾಡ್ಲಿಕ್ಕೆ ಎಂತದೂ ಇಲ್ಲ

ನಾಯಿಯೋ ಬೆಕ್ಕೋ ಕಚ್ಚಿದ್ರೆ ಗಾಯ ಎಷ್ಟಾಗಿದೆ ಅಂತ ನೋಡುವುದು ಆಮೇಲೆ. ಮೊದಲು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೀರಿ, ಪೂರ್ತಿ 15 ನಿಮಿಷ. ಸುಣ್ಣ, ಮೆಣಸಿನ ಪುಡಿ, ಎಣ್ಣೆ ಬೇಡ. ಅವತ್ತೇ ಹುಚ್ಚುನಾಯಿ ರೋಗದ ಲಸಿಕೆಯ ಮೊದಲ ಇಂಜೆಕ್ಷನ್. ಉಗುರು ತಾಗಿ ಗೀರಿದ್ರೆ, ರಕ್ತ ಬಾರದಿದ್ರೂ ಲಸಿಕೆ ಬೇಕು. ರಕ್ತ ಬಂದಿದ್ರೆ, ಅಥವಾ ಗಾಯ ಇದ್ದ ಚರ್ಮಕ್ಕೋ ಬಾಯಿ ಕಣ್ಣಿಗೋ ಜೊಲ್ಲು ತಾಗಿದ್ರೆ ಲಸಿಕೆ ಜೊತೆಗೆ ಗಾಯದೊಳಗೇ ಕೊಡುವ ಇಮ್ಯುನೋಗ್ಲೋಬ್ಯುಲಿನ್ (ಕೂಡ್ಲೇ ರಕ್ಷಣೆ ಕೊಡುವ ಇಂಜೆಕ್ಷನ್) ಕೂಡ ಬೇಕು. ಅದನ್ನು ಕೇಳಿ ಪಡೀರಿ, ಒಂದು ಕಡೆ ಇಲ್ಲ ಅಂದ್ರೆ ಎಲ್ಲಿ ಸಿಗ್ತದೆ ಅಂತ ಅವರನ್ನೇ ಕೇಳಿ ಅಲ್ಲಿಗೆ ಹೋಗಿ. ಲಸಿಕೆಯನ್ನು ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ, ಮಾಂಸಖಂಡಕ್ಕೆ ಕೊಡುವುದಾದ್ರೆ 14ನೇ ದಿನವೂ ಸೇರ್ತದೆ. ಎರಡು ಡೋಸ್ ಆದ್ಮೇಲೆ ಗಾಯ ಒಣಗಿತು ಅಂತ ನಿಲ್ಲಿಸುವವರು ಉಂಟು, ದಯವಿಟ್ಟು ಹಾಗೆ ಮಾಡ್ಬೇಡಿ, ಹುಚ್ಚುನಾಯಿ ರೋಗ ಶುರುವಾದ ಮೇಲೆ ಬದುಕುವವರು ಇಲ್ಲ ಅನ್ನುವಷ್ಟು ಕಮ್ಮಿ. ದೊಡ್ಡವರು ಬೈತಾರೆ ಅಂತ ಹೆದರಿ ಮಕ್ಕಳು ನಾಯಿ ಗೀರಿದ್ದನ್ನು ಮನೇಲಿ ಹೇಳುವುದಿಲ್ಲ, ಅವರಿಗೆ ಬೈಯದೆ ಮೊದಲೇ ಹೇಳಿ ಇಡಿ.

ಹಾವು ಕಚ್ಚಿದ್ದು ಅಂತ ಅನುಮಾನ ಬಂದ್ರೂ ಸಾಕು, ಹೊರಡಿ. ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೀರಿ, ಕಚ್ಚಿದ ಕೈ ಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲ ಕಟ್ಟಿ, ನಡೆಸ್ಬೇಡಿ, ಎತ್ಕೊಂಡು ಹೋಗಿ. ಕನ್ನಡಿ ಹಾವು (ಕೊಳಕು ಮಂಡಲ) ಕಚ್ಚಿದ್ರೆ ಊದಿ ನೋಯ್ತದೆ, ರಕ್ತ ಹೆಪ್ಪುಗಟ್ಟುವುದು ನಿಂತು ಹೋಗ್ತದೆ. ಕಟ್ಟುಹಾವು (ಇಂಗ್ಲಿಷಲ್ಲಿ ಕ್ರೇಟ್) ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದ್ರೆ ಹಲವು ಸಲ ಗುರುತೇ ಕಾಣುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಿಕ್ಕೆ ಆಗದ್ದು ಶುರುವಾಗ್ತದೆ. ಗುರುತು ಇಲ್ಲ ಅಂದ್ರೆ ವಿಷ ಇಲ್ಲ ಅಂತ ಅರ್ಥ ಅಲ್ಲ. ಹಾವನ್ನು ಹಿಡಿಯಲಿಕ್ಕೆ ಹೋಗಿ ಇನ್ನೊಬ್ಬರಿಗೆ ಕಚ್ಚಿಸ್ಕೊಳ್ಳುವುದು ಬೇಡ, ದೂರದಿಂದ ಫೋಟೋ ಸಿಕ್ಕಿದ್ರೆ ಸರಿ, ಇಲ್ಲದಿದ್ರೂ ಸರಿ.

ಸುಟ್ಟದ್ದು

ನಲ್ಲಿಯ ತಣ್ಣೀರಿನಡಿ 20 ನಿಮಿಷ. ಐಸ್ ಅಲ್ಲ, ಟೂತ್‌ಪೇಸ್ಟ್ ಅಲ್ಲ, ತುಪ್ಪ ಅಲ್ಲ. ಸುಟ್ಟು ಒಂದೆರಡು ಗಂಟೆ ಆಗಿದ್ರೂ ನೀರು ಬಿಡುವುದರಿಂದ ಪ್ರಯೋಜನ ಉಂಟು. ಬಳೆ ಉಂಗುರ ಊದುವ ಮೊದಲೇ ತೆಗೀರಿ, ಬೊಕ್ಕೆ ಒಡೆಯಬೇಡಿ. ಸುಟ್ಟವರ ಅಂಗೈಯನ್ನು ಬೆರಳು ಸೇರಿಸಿ ಇಟ್ಟು ನೋಡಿ, ಅಷ್ಟು ಜಾಗ ಅವರ ಮೈಯ ಸುಮಾರು ನೂರರಲ್ಲಿ ಒಂದು ಭಾಗ. ಬೊಕ್ಕೆ ಎದ್ದ ಜಾಗ ಅದಕ್ಕಿಂತ ದೊಡ್ಡದಿದ್ರೆ ತೋರಿಸಿ. ಮುಖ, ಕೈ, ಪಾದ, ಗುಪ್ತಾಂಗ, ಗಂಟುಗಳ ಮೇಲೆ ಆದ್ರೆ, ಕೈಯನ್ನೋ ಕಾಲನ್ನೋ ಸುತ್ತುವರಿದು ಸುಟ್ಟಿದ್ರೆ, ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ಆದ್ರೆ ಗಾತ್ರ ನೋಡದೆ ಹೋಗಿ. ಚರ್ಮ ಬೆಳ್ಳಗೆ ಅಥವಾ ಕಪ್ಪಗೆ ಚಕ್ಕಳದ ಥರ ಆಗಿ ನೋವೇ ಇಲ್ಲದಿದ್ರೆ ಅದು ಆಳಕ್ಕೆ ಹೋದದ್ದು, ಸಮಾಧಾನ ಪಡುವ ವಿಷಯ ಅಲ್ಲ.

ಅಡಿಕೆಗೆ ಬಿಡುವ ಬೋರ್ಡೋ ಮದ್ದು ಮಾಡುವಾಗ ಸುಣ್ಣ ಹಾರಿದ್ರೆ, ಪುಡಿಯನ್ನು ಒಣ ಬಟ್ಟೆಯಲ್ಲಿ ಕೊಡವಿ ಆಮೇಲೆ ತುಂಬಾ ನೀರು. ಕಣ್ಣಿಗೆ ಬಿದ್ರೆ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ನೀರು ಬಿಡಿ, ನಿಲ್ಲಿಸದೆ, ಆಮೇಲೆ ಸೀದಾ ಕಣ್ಣಿನ ಡಾಕ್ಟರ್ ಹತ್ರ, ಸುಣ್ಣ ಕಣ್ಣನ್ನು ಒಳಗೊಳಗೇ ತಿನ್ತಾ ಹೋಗ್ತದೆ. ಗೇರುಬೀಜ ಸುಡುವಾಗ ಎಣ್ಣೆ ತಾಗಿದ್ರೆ ಸೋಪಲ್ಲಿ ತೊಳೀರಿ, ಅದು ಬೊಕ್ಕೆ ಏಳಿಸ್ತದೆ, ಮುಖ ಊದಿದ್ರೆ ತೋರಿಸಿ. ಅಡಿಕೆ ಕೊಯ್ಯುವ ದೋಟಿ ಕರೆಂಟಿನ ತಂತಿಗೆ ತಾಗಿದ್ದು, ಪಂಪಿನ ಶಾಕ್ ಹೊಡೆದದ್ದು, ಹೊರಗೆ ಕಾಸಿನಗಲ ಗುರುತು ಮಾತ್ರ ಇದ್ರೂ ಹೃದಯದ ತಾಳ ತಪ್ಪಿರಬಹುದು, ಇಸಿಜಿ ಮಾಡಿಸ್ಲೇಬೇಕು. ಮುಟ್ಟುವ ಮೊದಲು ಮೈನ್ ಆಫ್.

ಎರಡು ದಿನ ಆದ್ಮೇಲೆ ಕೆಡುವ ಗಾಯ

ಮೊದಲ ಎರಡು ದಿನ ಅಂಚು ಸ್ವಲ್ಪ ಕೆಂಪು, ಸ್ವಲ್ಪ ಬಾವು, ಸ್ವಲ್ಪ ನೋವು ಸಹಜ, ಅದು ದಿನದಿಂದ ದಿನಕ್ಕೆ ಕಮ್ಮಿ ಆಗ್ಬೇಕು. ಜಾಸ್ತಿ ಆಗ್ತಾ ಹೋದ್ರೆ ಕೆಟ್ಟಿದೆ ಅಂತ ಲೆಕ್ಕ. ಬಾಲ್‌ಪೆನ್ನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೀರಿ. ಕೆಲವು ಗಂಟೆ ಬಿಟ್ಟು ನೋಡುವಾಗ ಗೆರೆ ದಾಟಿದ್ರೆ ಅವತ್ತೇ ಹೋಗಿ. ನಮ್ಮದು ಕಪ್ಪು ಚರ್ಮ, ಕೆಂಪು ಕೆಲವರಲ್ಲಿ ಕಾಣುವುದೇ ಇಲ್ಲ, ಆಗ ಕೈಯ ಹಿಂಬದಿಯಿಂದ ಮುಟ್ಟಿ ಎಲ್ಲಿವರೆಗೆ ಬಿಸಿ ಉಂಟು, ಎಲ್ಲಿವರೆಗೆ ಗಟ್ಟಿ ಉಂಟು ಅಂತ ನೋಡಿ ಅಲ್ಲಿಗೆ ಗೆರೆ ಎಳೀರಿ. ಚಳಿ ಜ್ವರ, ಗಾಯದಿಂದ ಮೇಲಕ್ಕೆ ಹೋಗುವ ಕೆಂಪು ಗೆರೆ, ತೊಡೆಸಂದಲ್ಲೋ ಕಂಕುಳಲ್ಲೋ ಗಂಟು, ವಾಸನೆಯ ಕೀವು, ಇವು ಬಂದ್ರೂ ಅಷ್ಟೆ.

ನೋಡ್ಲಿಕ್ಕೆ ಅಷ್ಟೇನಿಲ್ಲ, ಆದ್ರೆ ನೋವು ತಡೀಲಿಕ್ಕೆ ಆಗದಷ್ಟು ಉಂಟು, ಚರ್ಮ ನೇರಳೆ ಕಪ್ಪಾಗ್ತಾ ಉಂಟು, ಒತ್ತಿದ್ರೆ ಒಳಗೆ ಚರಚರ ಅಂತದೆ, ಮನುಷ್ಯ ಮಂಕಾಗಿದ್ದಾನೆ ಅಂದ್ರೆ ರಾತ್ರಿ ಎರಡು ಗಂಟೆ ಆದ್ರೂ ಹೊರಡಿ. ಮಾಂಸ ಕೊಳೆಯುವ ಇನ್ಫೆಕ್ಷನ್ ಗಂಟೆ ಗಂಟೆಗೆ ಹರಡ್ತದೆ.

ಶುಗರ್ ಇದ್ದವರ ವಿಷಯ ಬೇರೆಯೇ. ಅವರಲ್ಲಿ ಹಲವರಿಗೆ ಪಾದದ ನೋವು ಗೊತ್ತಾಗುವುದಿಲ್ಲ, ಮೊಳೆ ಹೊಕ್ಕದ್ದು ರಾತ್ರಿ ಕಾಲು ತೊಳೆಯುವಾಗ ಕಾಲ್ಚೀಲದ ಕಲೆ ನೋಡಿ ಗೊತ್ತಾದವರು ಉಂಟು. ಹಾಗಾಗಿ ಶುಗರ್ ಇದ್ದವರ ಪಾದದ ಯಾವ ಗಾಯವನ್ನೂ, ಬೊಕ್ಕೆಯನ್ನೂ, ಒಂದು ದಿನದೊಳಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಕ್ಯಾನ್ಸರ್ ಮದ್ದಲ್ಲಿ ಇರುವವರು, ಕಿಡ್ನಿ ಸರಿ ಇಲ್ಲದವರು, ಇವರಿಗೂ ಕಾಯುವ ಸ್ವಾತಂತ್ರ್ಯ ಇಲ್ಲ.

ಮಳೆಗಾಲದಲ್ಲಿ ಇನ್ನೂ ಎರಡು ನೆನಪಿಡಿ. ಗದ್ದೆ, ತೋಡು, ತೋಟದ ಕೆಸರಲ್ಲಿ ಬರಿಗಾಲಲ್ಲಿ ಗಾಯ ಇಟ್ಕೊಂಡು ಓಡಾಡಿದವರಿಗೆ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದ್ರೆ ಇಲಿಜ್ವರ ಇರಬಹುದು, ಪ್ಯಾರಾಸಿಟಮಾಲ್ ತಿಂದು ಕೂರ್ಬೇಡಿ, "ಕೆಸರಲ್ಲಿ ಕೆಲಸ ಮಾಡಿದ್ದೆ, ಕಾಲಲ್ಲಿ ಗಾಯ ಇತ್ತು" ಅಂತ ಹೇಳಿ. ಕೆಸರಿಗೆ ಇಳಿಯುವ ಕೆಲಸದವರಿಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಮೊದಲೇ ಕೊಡ್ತಾರೆ, ಆಶಾ ಕಾರ್ಯಕರ್ತೆಯರನ್ನು ಕೇಳಿ. ಇನ್ನೊಂದು ಮೆಲಿಯಾಯ್ಡೋಸಿಸ್, ಮಣ್ಣಲ್ಲಿ ಇರುವ ಬ್ಯಾಕ್ಟೀರಿಯಾದ್ದು, ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಶುಗರ್ ಇದ್ದವರಲ್ಲಿ ಹೆಚ್ಚು ಕಾಣುವುದು. ಜ್ವರ ಬಿಡುವುದೇ ಇಲ್ಲ, ಅಲ್ಲಲ್ಲಿ ಕೀವು ಗಂಟು ಕಟ್ತದೆ ಅಂದ್ರೆ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ನೋಡುವ ಪರೀಕ್ಷೆ) ಮಾಡಿಸ್ಬೇಕು.

ಎಲ್ಲಿಗೆ ಹೋಗುವುದು

ನಮ್ಮವರಿಗೆ ಎಂತ ಆದ್ರೂ ಮಂಗ್ಳೂರೇ. ಅಲ್ಲಿ ಒಳ್ಳೇ ಆಸ್ಪತ್ರೆ ಉಂಟು, ಅಲ್ಲ ಅಂತಿಲ್ಲ, ಆದ್ರೆ ರಕ್ತ ಹೋಗ್ತಾ ಇರುವವರನ್ನು, ಹಾವು ಕಚ್ಚಿದವರನ್ನು ಹತ್ತಿರದ ಕ್ಯಾಶುವಾಲ್ಟಿ (ತುರ್ತು ವಿಭಾಗ) ದಾಟಿಸಿ ಕರ್ಕೊಂಡು ಹೋಗ್ಬೇಡಿ. 2020ರಲ್ಲಿ ಕೊರೊನಾ ಸಮಯ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗ್ಳೂರನ್ನೇ ನಂಬಿದ ರೋಗಿಗಳು ಎಷ್ಟು ಕಷ್ಟ ಪಟ್ಟದ್ದು ಅಂತ ನಾವೆಲ್ಲ ನೋಡಿದ್ದೇವೆ. ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಉಪ್ಪಳದವರಿಗೆ ಮಂಗಲ್ಪಾಡಿ ತಾಲೂಕು ಆಸ್ಪತ್ರೆ, ಹೊರಡುವಾಗಲೇ ಒಬ್ಬರು ಫೋನ್ ಮಾಡಿ ಡಾಕ್ಟರ್ ಇದ್ದಾರಾ, ವಿಷಕ್ಕೆ ಮದ್ದು ಉಂಟಾ ಕೇಳಿ. ಹೋಗ್ಬೇಕಾ ಬೇಡ್ವಾ ಅಂತ ಗೊಂದಲ ಇದ್ರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ನಂಬರ್ 1056ಕ್ಕೆ ಕೇಳಬಹುದು.

ಮಲಯಾಳ ಸರಿ ಬಾರದವರು ಒಂದು ಚೀಟಿ ಬರೆದು ತನ್ನಿ, ಗಡಿಬಿಡೀಲಿ ಅರ್ಧ ಮಾತು ಬಿಟ್ಟೇ ಹೋಗ್ತದೆ: ಎಷ್ಟು ಗಂಟೆಗೆ ಆಯ್ತು, ಯಾವುದರಿಂದ, ಮನೇಲಿ ಎಂತ ಹಾಕಿದ್ದೀರಿ, ಯಾವ ಮಾತ್ರೆ ತಿಂತಾರೆ (ಸ್ಟ್ರಿಪ್ಪೇ ತನ್ನಿ), ಯಾವ ಇಂಜೆಕ್ಷನ್ ಆಗುವುದಿಲ್ಲ, ಕೊನೇ ಟಿಟಿ ಯಾವಾಗ. ಸೊಪ್ಪು ಹಾಕಿದ್ರೆ ಅದನ್ನೂ ಬರೀರಿ, ಯಾರೂ ಬೈಯುವುದಿಲ್ಲ.

ಮೇಲಿನ ಯಾವುದೂ ಇಲ್ಲ, ಗಾಯ ಮೇಲುಮೇಲಿನದ್ದು, ಅಂಚು ತಾನಾಗೇ ಕೂಡ್ತದೆ, ಬೆರಳು ಆಡ್ತದೆ, ಸ್ಪರ್ಶ ಗೊತ್ತಾಗ್ತದೆ ಅಂದ್ರೆ ಮನೇಲೇ ಆಗ್ತದೆ. ತೊಳೆದು, ಪೊವಿಡೋನ್ ಮುಲಾಮು ತೆಳ್ಳಗೆ ಹಚ್ಚಿ, ಗಾಜ್ ಬಟ್ಟೆ ಕಟ್ಟಿ, ಒದ್ದೆ ಆದಾಗ ಬದಲಾಯಿಸಿ. ಗಾಳಿಗೆ ಬಿಟ್ರೆ ಬೇಗ ಒಣಗ್ತದೆ ಅಂತ ತೆರೆದಿಡುವುದಕ್ಕಿಂತ ಮುಚ್ಚಿದ್ದೇ ಬೇಗ ಕೂಡ್ತದೆ. ಹೊಲಿಗೆ ಹಾಕಿಸ್ಕೊಂಡವರು ತೆಗೆಸ್ಲಿಕ್ಕೆ ಮರೀಬೇಡಿ, ಮುಖದ್ದು ಐದು ದಿನದ ಆಸುಪಾಸಿಗೆ, ತಲೇದು ಏಳರಿಂದ ಹತ್ತು, ಕೈಕಾಲಿಂದು ಹತ್ತರಿಂದ ಹದಿನಾಲ್ಕು, ಗಂಟಿನ ಮೇಲಿನದ್ದು ಎಲ್ಲಕ್ಕಿಂತ ಕೊನೆಗೆ, ಸರಿಯಾದ ದಿನ ಚೀಟೀಲಿ ಬರೆದು ಕೊಟ್ಟಿರ್ತಾರೆ.